ಡಾಕ್ಟ್ರು ಬದಲಾದ್ರು, ಬಿ.ಪಿ. ಗುಳಿಗೆ ತಪ್ಪಿತು

ಮನೆ ಹರಿಹರಕ್ಕೆ ಹೋಯಿತು, ಹೆಸರು ದಾವಣಗೆರೆಯಲ್ಲೇ ಉಳಿಯಿತು! ಇಎಸ್‌ಐ ಕಾರ್ಡಿನ ಕುಟುಂಬವೊಂದರ ಪಾಡು

ದಾವಣಗೆರೆ: ಮಂಡಿಪೇಟೆಯ ಜವಳಿ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷದಿಂದ ಸೀರೆ ಬಿಚ್ಚಿ ತೋರಿಸಿ, ಗಿರಾಕಿ ಹೋದ ಮೇಲೆ ಮತ್ತೆ ಮಡಚಿ ಇಡುವ ಗುಮಾಸ್ತರೊಬ್ಬರಿದ್ದಾರೆ. ಹೆಸರು ಹಾಕೋದು ಬೇಡ ಎಂದಿದ್ದಾರೆ, ಹಾಕಿಲ್ಲ. ವಯಸ್ಸು 52. ತಿಂಗಳಿಗೆ 16 ಸಾವಿರ ಸಂಬಳ. ಅದರಲ್ಲಿ 120 ರೂಪಾಯಿ ಇಎಸ್‌ಐಗೆ ಎಂದು ಮುರಿದುಕೊಂಡು ಉಳಿದದ್ದನ್ನು ಕೈಗಿಡುತ್ತಾರೆ.

ಆ 120 ರೂಪಾಯಿಗೆ ಇಷ್ಟು ವರ್ಷ ಅವರು ಒಂದು ದಿನವೂ ಗೊಣಗಿದವರಲ್ಲ. ಯಾಕೆಂದರೆ ಇಎಸ್‌ಐ ದವಾಖಾನೆಯಲ್ಲಿ ಒಬ್ಬರು ಡಾಕ್ಟರಿದ್ದರು. ಹನ್ನೊಂದು ವರ್ಷ ಅದೇ ಕುರ್ಚಿ. ಗುಮಾಸ್ತರ ಮನೆಯವರಿಗೆ ಬಿ.ಪಿ. ಇದೆಯೆಂದು ಮೊದಲು ಹೇಳಿದವರು ಅವರೇ. ಬಾಗಿಲಲ್ಲಿ ಮುಖ ಕಂಡರೆ ಸಾಕು, "ಏನಮ್ಮಾ, ಉಪ್ಪಿನಕಾಯಿ ಬಿಟ್ಟಿದೀಯೋ ಇಲ್ವೋ?" ಎಂದು ಕೇಳುತ್ತಿದ್ದರು. ಚೀಟಿ ಬರೆಯುವುದು ಆಮೇಲೆ.

ಈ ವರ್ಷ ಆ ಹೆಂಗಸಿನ ಬಲಗೈ ಬೆರಳು ಸೂಜಿ ಹಿಡಿಯಲು ಒಪ್ಪುತ್ತಿಲ್ಲ. ಅದೇ ಅಂಗಡಿಯ ಸೀರೆಗಳಿಗೆ ಮನೆಯಲ್ಲಿ ಕೂತು ಫಾಲ್ಸ್ ಹೊಲಿದುಕೊಡುತ್ತಿದ್ದ ಕೈ ಅದು. ಲಕ್ವ ಹೊಡೆದಿದೆ. ಹೊಡೆದದ್ದು ಯಾಕೆ? ಹತ್ತೊಂಬತ್ತು ದಿನ ಬಿ.ಪಿ. ಗುಳಿಗೆ ನುಂಗಿರಲಿಲ್ಲ. ನುಂಗಲಿಲ್ಲ ಯಾಕೆ? ಅದೇ ಇವತ್ತಿನ ಸಂಗತಿ.

ಊರು ಬಿಟ್ಟರು, ಡಾಕ್ಟರ್ ಬಿಡಲಿಲ್ಲ

ದಾವಣಗೆರೆಯಲ್ಲಿ ಬಾಡಿಗೆ ಮನೆಗೆ ಕೊಡುವ ದುಡ್ಡು ಎಲ್ಲರಿಗೂ ಗೊತ್ತಿದ್ದದ್ದೇ. ಹರಿಹರದಲ್ಲಿ ಗುಮಾಸ್ತರ ಮಾವನವರ ಒಂದು ಸಣ್ಣ ಮನೆ ಖಾಲಿ ಬಿದ್ದಿತ್ತು. ಕಳೆದ ವರ್ಷ ಸಂಸಾರ ಅಲ್ಲಿಗೆ ಎತ್ತಿಕೊಂಡು ಹೋದರು. ಗುಮಾಸ್ತರು ದಿನಾ ಬೆಳಿಗ್ಗೆ ಪಿ.ಬಿ. ರಸ್ತೆಯ ಬಸ್ಸಿಗೆ ನೇತಾಡಿಕೊಂಡು ಬರುವುದು, ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ವಾಪಸ್ ಹೋಗುವುದು. ಈ ಪತ್ರಿಕೆ ಓದುವ ಅರ್ಧ ಜನ ಅದೇ ಬಸ್ಸಿನವರೇ ಇರಬೇಕು.

ಮನೆ ಬದಲಾಯಿತು, ಡಾಕ್ಟರು ಬದಲಾಗಲಿಲ್ಲ. ತಿಂಗಳಿಗೊಮ್ಮೆ ಮನೆಯವರೂ ಬಸ್ಸು ಹತ್ತಿ ದಾವಣಗೆರೆಗೆ ಬಂದು, ಹಳೇ ಡಾಕ್ಟರಿಗೇ ತೋರಿಸಿ, ತಿಂಗಳ ಗುಳಿಗೆ ಕಟ್ಟಿಸಿಕೊಂಡು ಹೋಗುತ್ತಿದ್ದರು. "ಹರಿಹರದಾಗೂ ಇಎಸ್‌ಐ ದವಾಖಾನೆ ಐತೆ ಅಂತ ಗೊತ್ತಿತ್ರಿ. ಆದ್ರೆ ನಮ್ಮ ಡಾಕ್ಟ್ರು ಇಲ್ಲಿದ್ರಲ್ಲ" ಎನ್ನುತ್ತಾರೆ ಗುಮಾಸ್ತರು. ಇದರಲ್ಲಿ ತಪ್ಪೇನೂ ಇಲ್ಲ. ಕೈ ನೋಡುವವರ ಗುಣ ಗೊತ್ತಿದ್ದರೆ ಅರ್ಧ ಕಾಯಿಲೆ ಹೋದಂತೆ ಎಂದು ನಂಬುವ ಜನ ನಾವು.

ಹೀಗೆ ಎಂಟು ತಿಂಗಳು ನಡೆಯಿತು. ಆಮೇಲೆ ಡಾಕ್ಟರು ನಿವೃತ್ತರಾದರು. ಸರ್ಕಾರಿ ನೌಕರಿ, ವಯಸ್ಸಾದ ಮೇಲೆ ಒಂದು ದಿನವೂ ಜಾಸ್ತಿ ಕೂರುವ ಹಾಗಿಲ್ಲ. ಮುಂದಿನ ತಿಂಗಳು ಹೋದಾಗ ಆ ಕುರ್ಚಿಯಲ್ಲಿ ಹೊಸಬರು. ಅವರೂ ಒಳ್ಳೆಯವರೇ. ಆದರೆ ಗುಮಾಸ್ತರ ಮನೆಯವರಿಗೆ ಇನ್ನು ಬಸ್ ಚಾರ್ಜು ಕೊಟ್ಟು, ಅರ್ಧ ದಿನ ಕಳೆದು ಬರುವುದಕ್ಕೆ ಕಾರಣ ಉಳಿಯಲಿಲ್ಲ. "ಹೆಂಗಿದ್ರೂ ಹೊಸ ಡಾಕ್ಟ್ರೇ ಅಂದ್ಮೇಲೆ ನಮ್ಮೂರಾಗೇ ತೋರಿಸ್ಕೊಳ್ಳೋಣ ಬಿಡ್ರೀ" ಎಂದು ಗಂಡನಿಗೆ ಹೇಳಿದರು. ಮಾತು ನ್ಯಾಯವಾಗಿಯೇ ಇತ್ತು.

ಎರಡು ಖಾನೆ, ಒಂದೇ ತಿದ್ದುಪಡಿ

ಗುಮಾಸ್ತರು ಸಾಹುಕಾರರಿಗೆ ಹೇಳಿದರು. ಸಾಹುಕಾರರು ಲೆಕ್ಕ ನೋಡಿಕೊಳ್ಳುವ ಆಡಿಟರ್ ಆಫೀಸಿಗೆ ಫೋನ್ ಮಾಡಿ ಹೇಳಿದರು. ಆಡಿಟರ್ ಆಫೀಸಿನ ಹುಡುಗ ಕಂಪ್ಯೂಟರ್ ಮುಂದೆ ಕೂತು ದವಾಖಾನೆ ಬದಲಾಯಿಸಿದ. "ಆಯ್ತು ಅಣ್ಣಾ, ಹರಿಹರಕ್ಕೆ ಹಾಕಿದೀನಿ" ಎಂದ. ಎಲ್ಲವೂ ಎರಡೇ ದಿನದಲ್ಲಿ ಮುಗಿಯಿತು. ಗುಮಾಸ್ತರು ಅವನಿಗೆ ಮಂಡಕ್ಕಿ ಮಿರ್ಚಿ ಕೊಡಿಸಿದರಂತೆ.

ಮನೆಯವರು ಹರಿಹರದ ದವಾಖಾನೆಗೆ ಹೋದರು. ಕೌಂಟರಿನಲ್ಲಿ ನಂಬರ್ ಒತ್ತಿ ನೋಡಿದವರು, "ನಿಮ್ಮ ಯಜಮಾನ್ರ ಹೆಸರು ಬಂದೈತಮ್ಮ. ನಿಮ್ದು ಬಂದಿಲ್ಲ. ನಿಮ್ದು ಇನ್ನೂ ದಾವಣಗೆರೆ ದವಾಖಾನೆಗೇ ಇದೆ" ಎಂದರು.

ಗಂಡನ ಹೆಸರು ಹರಿಹರದಲ್ಲಿ, ಹೆಂಡತಿ ಹೆಸರು ದಾವಣಗೆರೆಯಲ್ಲಿ! ಇದೇನು ವಿಚಿತ್ರ ಎನ್ನಬೇಡಿ. ಇಎಸ್‌ಐ ದಾಖಲೆಯಲ್ಲಿ ನೌಕರನಿಗೆ ಒಂದು ದವಾಖಾನೆ, ಅವನ ಕುಟುಂಬಕ್ಕೆ ಒಂದು ದವಾಖಾನೆ ಎಂದು ಬೇರೆ ಬೇರೆ ಖಾನೆ ಇದೆ. ಇದು ಜನರ ಅನುಕೂಲಕ್ಕೇ ಇಟ್ಟದ್ದು. ಗಂಡ ಬೆಂಗಳೂರಿನ ಪೀಣ್ಯದಲ್ಲಿ ದುಡಿಯುತ್ತಾನೆ, ಹೆಂಡತಿ ಮಕ್ಕಳು ದಾವಣಗೆರೆಯಲ್ಲಿರುತ್ತಾರೆ ಎನ್ನಿ; ಅವನು ಅಲ್ಲಿ ತೋರಿಸಿಕೊಳ್ಳಬಹುದು, ಇವರು ಇಲ್ಲಿ ತೋರಿಸಿಕೊಳ್ಳಬಹುದು. ಆಡಿಟರ್ ಆಫೀಸಿನ ಹುಡುಗ ಮೊದಲನೇ ಖಾನೆ ತಿದ್ದಿದ, ಎರಡನೇದನ್ನು ಹಾಗೇ ಬಿಟ್ಟ. ಅವನು ಬೇಕಂತಲೇ ಮಾಡಿದ್ದಲ್ಲ. ಎರಡನೇ ಖಾನೆಯ ಬಗ್ಗೆ ಅವನಿಗೆ ಯಾರೂ ಹೇಳಿರಲಿಲ್ಲ.

ಗುಮಾಸ್ತರು ಮತ್ತೆ ಸಾಹುಕಾರರಿಗೆ ಹೇಳಿದರು. ಆಗ ಮದುವೆ ಸೀಸನ್. ಅಂಗಡಿ ತುಂಬ ಜನ. "ನಾಳೆ ಹೇಳ್ತೀನಿ ತಡಿಯಪ್ಪ" ಎಂದರು ಸಾಹುಕಾರರು. ಆ ನಾಳೆ ಬರಲಿಲ್ಲ. ಗುಮಾಸ್ತರಿಗೂ ಎರಡನೇ ಸಲ ಕೇಳಲು ಸಂಕೋಚ. ಇತ್ತ ಮನೆಯಲ್ಲಿ ಗುಳಿಗೆ ಮುಗಿಯಿತು.

"ಬಿಳೀದು ಒಂದು, ಹಳದೀದು ಅರ್ಧ"

ಹಣ ಕೊಟ್ಟು ಮೆಡಿಕಲ್ ಶಾಪಿನಲ್ಲಿ ತರಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಹೋಗಿದ್ದರು. ಅಂಗಡಿಯವನು ಗುಳಿಗೆ ಹೆಸರು ಕೇಳಿದ. ಆ ತಾಯಿಗೆ ಗೊತ್ತಿದ್ದದ್ದು ಇಷ್ಟೇ: "ಬೆಳಿಗ್ಗೆ ಬಿಳೀದು ಒಂದು, ರಾತ್ರಿ ಹಳದೀದು ಅರ್ಧ." ಅಂಗಡಿಯ ಗಾಜಿನ ಹಿಂದೆ ಬಿಳಿ ಗುಳಿಗೆ ಸಾವಿರ ಬಗೆ ಇರುತ್ತವೆ. ದವಾಖಾನೆಯಲ್ಲಿ ಗುಳಿಗೆ ಕತ್ತರಿಸಿ ಸಣ್ಣ ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಹೆಸರಿದ್ದ ಕಡೆ ಕತ್ತರಿ ಆಡಿತ್ತು. ಹಳೇ ಚೀಟಿಗಳು? ಮನೆ ಸಾಗಿಸುವಾಗ ರದ್ದಿ ಜೊತೆ ಹೋಗಿದ್ದವು. ಹನ್ನೊಂದು ವರ್ಷದ ಲೆಕ್ಕ ಇದ್ದದ್ದು ನಿವೃತ್ತರಾದ ಡಾಕ್ಟರ ತಲೆಯಲ್ಲಿ.

"ನಾಕು ದಿನ ಬಿಟ್ರೆ ಏನಾಗುತ್ತೆ, ತಲೆನೋವೂ ಇಲ್ಲ, ಏನೂ ಇಲ್ಲ" ಎಂದುಕೊಂಡರು ಆ ಹೆಂಗಸು. ಬಿ.ಪಿ.ಯ ಕೆಟ್ಟ ಗುಣವೇ ಇದು. ನೋವು ಕೊಟ್ಟು ಎಚ್ಚರಿಸುವುದಿಲ್ಲ. ಕೆಲವು ಬಗೆಯ ಬಿ.ಪಿ. ಗುಳಿಗೆಗಳನ್ನು ಒಮ್ಮೆಲೇ ನಿಲ್ಲಿಸಿದರಂತೂ ರಕ್ತದ ಒತ್ತಡ ಮೊದಲಿಗಿಂತಲೂ ಮೇಲಕ್ಕೆ ಏರುವುದುಂಟು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ನಲ್ಲಿ ನೀರು ಹಿಡಿಯುವಾಗ ಬಲಗೈಯಿಂದ ಕೊಡ ಜಾರಿತು. ಬಾಯಿ ಒಂದು ಪಕ್ಕಕ್ಕೆ ಎಳೆಯಿತು. ಮಾತು ತೊದಲಿತು. ಪಕ್ಕದ ಮನೆಯ ಕಾಲೇಜು ಹುಡುಗಿ ಅರಿಶಿನ ಹಚ್ಚಿ ಮಲಗಿಸುವವರ ಮಾತು ಕೇಳದೆ 108ಕ್ಕೆ ಫೋನ್ ಮಾಡಿದಳು. ಆ ಹುಡುಗಿಗೆ ಪುಣ್ಯ ಬರಲಿ. ಬಾಯಿ ವಾರೆ, ಕೈ ಸೋಲು, ಮಾತು ತೊದಲು ಇವು ಮೂರರಲ್ಲಿ ಒಂದು ಕಂಡರೂ ಗಡಿಯಾರ ನೋಡಿಕೊಂಡು ಓಡಬೇಕು. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯೊಳಗಿನ ವೇಳೆ ಮಾತ್ರ ಇರುತ್ತದೆ.

ಆಸ್ಪತ್ರೆಯಲ್ಲಿ ಅಳೆದಾಗ ಬಿ.ಪಿ. 200ರ ಮೇಲೆ ಇತ್ತು. ಜೀವಕ್ಕೆ ಏನೂ ಆಗಲಿಲ್ಲ. ಮಾತು ಮರಳಿತು, ನಡೆದಾಡುತ್ತಾರೆ. ಬೆರಳು ಮಾತ್ರ ಇನ್ನೂ ಹೇಳಿದ ಮಾತು ಕೇಳುತ್ತಿಲ್ಲ.

120 ರೂಪಾಯಿಗೆ ಏನೇನು?

ಈ ಇಎಸ್‌ಐ ಎಂದರೆ ಬಹಳ ಮಂದಿಗೆ ಸಂಬಳದಲ್ಲಿ ಮುರಿಯುವ ಒಂದು ಬಾಬ್ತು, ಅಷ್ಟೇ. ವಿಷಯ ಅಷ್ಟೇ ಅಲ್ಲ. 1948ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿತು. 1952ರ ಫೆಬ್ರವರಿ 24ರಂದು ಪ್ರಧಾನಿ ನೆಹರೂ ಅವರು ಕಾನ್ಪುರದಲ್ಲಿ ಯೋಜನೆಗೆ ಚಾಲನೆ ಕೊಟ್ಟರು. ನಮ್ಮ ರಾಜ್ಯಕ್ಕೆ ಬಂದದ್ದು 1958ರಲ್ಲಿ, ಮೊದಲು ಬೆಂಗಳೂರಿಗೆ. ಹತ್ತಿ ಗಿರಣಿಗಳ ಸೈರನ್ ಕೇಳಿ ಎದ್ದ ದಾವಣಗೆರೆಗೆ, ಕಾರ್ಖಾನೆ ನಂಬಿ ಬೆಳೆದ ಹರಿಹರಕ್ಕೆ ಇಎಸ್‌ಐ ಎಂಬ ಮೂರಕ್ಷರ ಹೊಸದಲ್ಲ. ಗಿರಣಿಗಳು ಮುಚ್ಚಿದವು. ದವಾಖಾನೆ ಮುಂದೆ ಕ್ಯೂ ಮಾತ್ರ ನಿಂತಿಲ್ಲ. ಗಿರಣಿ ಕಾರ್ಮಿಕರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಶೋರೂಮಿನ ಹುಡುಗರು, ಸೆಕ್ಯುರಿಟಿಯವರು, ಗಾರ್ಮೆಂಟಿನ ಹೆಣ್ಣುಮಕ್ಕಳು, ಪೆಟ್ರೋಲ್ ಬಂಕಿನವರು ನಿಲ್ಲುತ್ತಾರೆ.

ಲೆಕ್ಕ ಹೀಗಿದೆ. 2019ರ ಜುಲೈ 1ರಿಂದ ನೌಕರನ ಪಾಲು ಸಂಬಳದ ನೂರಕ್ಕೆ ಮುಕ್ಕಾಲು (0.75), ಮಾಲೀಕನ ಪಾಲು ನೂರಕ್ಕೆ ಮೂರೂಕಾಲು (3.25). ಅಂದರೆ ನಮ್ಮ ಗುಮಾಸ್ತರ 120 ರೂಪಾಯಿಗೆ ಸಾಹುಕಾರರು 520 ರೂಪಾಯಿ ಸೇರಿಸಿ, ತಿಂಗಳಿಗೆ 640 ಕಟ್ಟುತ್ತಾರೆ. ಹತ್ತು ಮಂದಿ ದುಡಿಯುವ ಕಡೆ ಇದು ಕಡ್ಡಾಯ. ಸಂಬಳದ ಮಿತಿ 2017ರ ಜನವರಿ 1ರಿಂದ 21 ಸಾವಿರ. ಅಂಗವಿಕಲರಿಗೆ 25 ಸಾವಿರ. 2025ರ ನವೆಂಬರ್ 21ರಿಂದ ಹಳೇ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಾಯ್ದೆ ಹೆಸರು ಬದಲಾಯಿತು, ದವಾಖಾನೆಗಳು ಇದ್ದಲ್ಲೇ ಇವೆ.

ಇಷ್ಟು ಕಟ್ಟಿದ್ದಕ್ಕೆ ನೌಕರನಿಗೆ, ಹೆಂಡತಿ ಅಥವಾ ಗಂಡನಿಗೆ, ಮಕ್ಕಳಿಗೆ, ಅವಲಂಬಿತ ತಂದೆ ತಾಯಿಗೆ ವೈದ್ಯ ಸೌಲಭ್ಯ. ಕಾಯಿಲೆ ಬಿದ್ದು ಮನೆಯಲ್ಲಿ ಕೂತರೆ ಸಂಬಳದ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನದವರೆಗೆ ನಗದು. ಅದಕ್ಕೆ ಆರು ತಿಂಗಳ ಒಂದು ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿರಬೇಕು. ಹೆರಿಗೆಗೆ 26 ವಾರ ಪೂರ್ತಿ ಸಂಬಳ. ಕಾಯಿಲೆಯ ನಗದು ಕೈಗೆ ಬರಬೇಕಾದರೆ ದವಾಖಾನೆ ಡಾಕ್ಟರ ಸರ್ಟಿಫಿಕೇಟು ಬೇಕು. ನಮ್ಮ ಗುಮಾಸ್ತರ ಸಂಬಳಕ್ಕೆ ಲೆಕ್ಕ ಹಾಕಿದರೆ ಆ ಡಾಕ್ಟರ ಒಂದು ಸಹಿಗೆ ದಿನಕ್ಕೆ ಸುಮಾರು 370 ರೂಪಾಯಿ ಬೆಲೆ.

ಆದ್ದರಿಂದ ನಿಮ್ಮ ಹೆಸರು ಯಾವ ದವಾಖಾನೆಯಲ್ಲಿದೆ, ಯಾವ ಡಾಕ್ಟರ ಮುಂದಿದೆ ಎನ್ನುವುದು ಸಣ್ಣ ವಿಷಯವಲ್ಲ.

ಪ್ಯಾನಲ್ ಡಾಕ್ಟರು ಎಂಬುವರು

"ನನ್ನ ಹೆಸರು ಇಂಥ ಡಾಕ್ಟರ ಹತ್ತಿರ" ಎಂಬ ಪದ್ಧತಿ ಹುಟ್ಟಿದ್ದು ಇಲ್ಲಲ್ಲ. ಇಂಗ್ಲೆಂಡಿನಲ್ಲಿ 1911ರ ವಿಮಾ ಕಾಯ್ದೆ ಬಂದಾಗ, ವಿಮೆಗೆ ಒಳಪಟ್ಟ ದುಡಿಯುವ ಜನ ಒಬ್ಬ ಡಾಕ್ಟರ ಪಟ್ಟಿಗೆ ಸೇರಬೇಕಾಯಿತು. ಅಂಥವರನ್ನು ಪ್ಯಾನಲ್ ಡಾಕ್ಟರ್ ಎಂದರು. 1948ರ ಜುಲೈ 5ರಿಂದ ಆ ದೇಶದಲ್ಲಿ ಎಲ್ಲರಿಗೂ ಸರ್ಕಾರಿ ಆರೋಗ್ಯ ಸೇವೆ ಬಂತು. ಅಲ್ಲೂ ಮೊದಲು ನೋಡುವವರು ನಿಮ್ಮ ಹೆಸರಿರುವ ಡಾಕ್ಟರೇ. ಊರು ಬದಲಿಸಿದರೆ ಹೊಸ ಊರಿನ ಡಾಕ್ಟರ ಹತ್ತಿರ ಹೆಸರು ಬರೆಸಬೇಕು. ಆದರೆ ಅಲ್ಲಿ ಒಂದು ಅನುಕೂಲವಿದೆ. ರೋಗಿಯ ಹಳೇ ದಾಖಲೆ ಅವನ ಹಿಂದೆಯೇ ಹೊಸ ಡಾಕ್ಟರಿಗೆ ಹೋಗುತ್ತದೆ.

ನಮ್ಮಲ್ಲಿ ಮುಂಬಯಿ ಕಡೆ ಖಾಸಗಿ ಡಾಕ್ಟರನ್ನೇ ಪ್ಯಾನಲ್ಲಿಗೆ ಹಾಕಿಕೊಂಡು ಇಎಸ್‌ಐ ನಡೆಸಿದರು. ಕರ್ನಾಟಕದಲ್ಲಿ ಹೆಚ್ಚಾಗಿ ರಾಜ್ಯ ಸರ್ಕಾರ ನಡೆಸುವ ದವಾಖಾನೆಗಳೇ. ಪಟ್ಟಿ ಬಂತು, ದವಾಖಾನೆ ಬಂತು. ದಾಖಲೆ ಹಿಂದೆಯೇ ಬರುವ ಅಭ್ಯಾಸ ಮಾತ್ರ ಪೂರ್ತಿ ಬಂದಿಲ್ಲ. ಕಂಪ್ಯೂಟರ್ ಬಂದಿದೆ ನಿಜ. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ಆರೋಗ್ಯ ಯೋಜನೆ ಎಂದು ದೇಶಕ್ಕೆಲ್ಲ ಆರಂಭಿಸಿ, 14 ಅಂಕಿಯ ಆರೋಗ್ಯ ನಂಬರನ್ನೂ ಕೊಡುತ್ತಿದೆ. ಆದರೆ ಆ ನಂಬರಿನೊಳಗೆ ಯಾರಾದರೂ ವಿವರ ತುಂಬಿದರೆ ತಾನೇ ಹೊಸ ಡಾಕ್ಟರಿಗೆ ಕಾಣುವುದು? ಹಗ್ಗ ಇದ್ದರೆ ಸಾಲದು, ಕೊಡ ಕಟ್ಟಬೇಕು.

ಯಾರ ತಪ್ಪು?

ಸಾಹುಕಾರರನ್ನು ಕೇಳಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. "ತಿಂಗಳು ತಿಂಗಳು ದುಡ್ಡು ಕಟ್ಟಿದೀನಿ, ಒಂದು ದಿನ ಲೇಟ್ ಮಾಡಿಲ್ಲ. ಇದು ಇಷ್ಟು ದೊಡ್ಡದಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಅವನು ಇನ್ನೊಂದು ಸಲ ಕೇಳಿದ್ರೆ ಆಗ್ತಿತ್ತು" ಎನ್ನುತ್ತಾರೆ.

ದವಾಖಾನೆಯ ಕೌಂಟರಿನವರು ಹೇಳುವುದು ಬೇರೆ. "ನಾವು ಓಡಿಸಲಿಲ್ಲ ಸ್ವಾಮಿ. ಹೆಸರು ಬಂದಿಲ್ಲ ಅಂದ್ವಿ, ಅವರು ತಿರುಗಿ ಹೋದ್ರು. ಗುಳಿಗೆ ಮುಗಿದೈತೆ ಅಂತ ಒಂದು ಮಾತು ಒಳಗೆ ಡಾಕ್ಟ್ರಿಗೆ ಹೇಳಿದ್ರೆ ಏನಾದ್ರೂ ದಾರಿ ಮಾಡ್ತಿದ್ರು."

ಇರಬಹುದು. ಆದರೆ ಕೌಂಟರಿನಲ್ಲಿ "ಇಲ್ಲ" ಅನ್ನಿಸಿಕೊಂಡ ಹೆಂಗಸು ಒಳಗೆ ನುಗ್ಗಿ ಡಾಕ್ಟರನ್ನು ಕೇಳುತ್ತಾಳೆಯೇ? "ಬಿ.ಪಿ. ಗುಳಿಗೆ ಇದೆಯೇನಮ್ಮ ಮನೇಲಿ?" ಎಂದು ಕೌಂಟರಿನವರೇ ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಒಂದು ಸಂಗತಿ ಎಲ್ಲರೂ ತಿಳಿಯಬೇಕು. ಆ ಹತ್ತೊಂಬತ್ತು ದಿನವೂ ಆ ತಾಯಿಗೆ ಇಎಸ್‌ಐ ಹಕ್ಕು ಇತ್ತು. ವಂತಿಗೆ ಬಿದ್ದಿತ್ತು, ಕಾರ್ಡು ಚಾಲ್ತಿಯಲ್ಲಿತ್ತು. ಹೆಸರು ಬೇರೆ ದವಾಖಾನೆಯಲ್ಲಿತ್ತು ಅಷ್ಟೇ. ದಾವಣಗೆರೆಯ ಹಳೇ ದವಾಖಾನೆಗೇ ಇನ್ನೊಂದು ಸಲ ಬಂದಿದ್ದರೆ ಗುಳಿಗೆ ಸಿಗುತ್ತಿತ್ತು. "ಅಲ್ಲಿಂದ ಹೆಸರು ತೆಗೆಸಿದೀವಿ, ಇನ್ನು ಅಲ್ಲಿ ಕೊಡಲ್ಲ ಅಂದ್ಕೊಂಡ್ವಿ" ಎನ್ನುತ್ತಾರೆ ಗುಮಾಸ್ತರು. ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ನಿವೃತ್ತ ಡಾಕ್ಟರಿಗೆ ಸುದ್ದಿ ಮುಟ್ಟಿದ ದಿನ ಅವರು ಹೆಚ್ಚು ಮಾತಾಡಲಿಲ್ಲವಂತೆ. "ಹೋಗೋ ಮುಂಚೆ ಹಳೇ ಪೇಷೆಂಟುಗಳಿಗೆಲ್ಲ ಗುಳಿಗೆ ಹೆಸರು ದಪ್ಪಕ್ಷರದಲ್ಲಿ ಬರೆದುಕೊಡಬೇಕಿತ್ತು. ನನ್ನ ತಲೇಲಿ ಇದ್ದದ್ದು ಅವರ ಕೈಲಿ ಇರಬೇಕಿತ್ತು" ಎಂದಷ್ಟೇ ಹೇಳಿದರು. ತಪ್ಪು ತಮ್ಮದೆಂದು ತಾವಾಗಿ ಒಪ್ಪಿದವರು ಅವರೊಬ್ಬರೇ. ತಪ್ಪು ಎಲ್ಲರಿಗಿಂತ ಕಡಿಮೆ ಇದ್ದದ್ದೂ ಅವರದ್ದೇ.

ದವಾಖಾನೆ ಬದಲಿಸುವವರು ಗಮನಿಸಿ

ದವಾಖಾನೆ ಬದಲಿಸುವುದು ಕಷ್ಟದ ಕೆಲಸವಲ್ಲ, ಯಾರ ಕಾಲಿಗೂ ಬೀಳಬೇಕಿಲ್ಲ. ಮಾಲೀಕರ ಇಎಸ್‌ಐ ಪೋರ್ಟಲ್ ಮೂಲಕ ಮಾಡಿಸಬಹುದು. ಅವರಿಂದ ಆಗದಿದ್ದರೆ ಹೊಸ ವಿಳಾಸದ ಪುರಾವೆ ಹಿಡಿದು ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಕೇಳಬಹುದು. ಇಎಸ್‌ಐ ನಿಗಮದ ಉಚಿತ ಫೋನ್ ನಂಬರ್ 1800-11-2526. ಹತ್ತು ಅಂಕಿಯ ನಿಮ್ಮ ವಿಮಾ ನಂಬರ್ ಕೈಲಿಟ್ಟುಕೊಂಡು ಫೋನ್ ಮಾಡಿ.

ಮಾಡುವ ಮುಂಚೆ ಇಷ್ಟು ನೆನಪಿರಲಿ.

ಒಂದು: ನಿಮ್ಮ ದವಾಖಾನೆ, ಕುಟುಂಬದ ದವಾಖಾನೆ ಎರಡೂ ಖಾನೆ ತಿದ್ದಿಸಿ. ತಿದ್ದಿದ ಮೇಲೆ ಪ್ರಿಂಟ್ ತೆಗೆಸಿಕೊಂಡು ಕಣ್ಣಾರೆ ನೋಡಿ. "ಆಯ್ತಣ್ಣ" ಎಂಬ ಮಾತಿಗೆ ಮಿರ್ಚಿ ಕೊಡಿಸಬೇಡಿ.

ಎರಡು: ಹಳೇ ದವಾಖಾನೆಯಲ್ಲಿ ಕೊನೇ ಸಲ ತೋರಿಸುವಾಗ ಕಾಯಿಲೆ ಹೆಸರು, ಗುಳಿಗೆ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವ ಔಷಧಿ ಮೈಗೆ ಆಗುವುದಿಲ್ಲ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕೇಳಲು ನಾಚಿಕೆ ಬೇಡ. ರಕ್ತಪರೀಕ್ಷೆ ಚೀಟಿ, ಇ.ಸಿ.ಜಿ. ಹಾಳೆ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿರಲಿ. ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಡಿ. ಮನೆ ಸಾಗಿಸುವಾಗ ಆ ಕವರನ್ನು ಒಡವೆ ಜೊತೆ ಇಡಿ, ರದ್ದಿ ಜೊತೆ ಅಲ್ಲ.

ಮೂರು: ಹಳೇ ಕಡೆ ಒಂದು ತಿಂಗಳ ಗುಳಿಗೆ ಕಟ್ಟಿಸಿಕೊಂಡೇ ಹೊಸ ಕಡೆಗೆ ಹೋಗಿ. ಮುಗಿಯಲು ಹತ್ತು ದಿನ ಇರುವಾಗಲೇ ಹೊಸ ಡಾಕ್ಟರ ಮುಖ ನೋಡಿ.

ನಾಲ್ಕು: ನಡುವೆ ಏನಾದರೂ ತೊಡಕಾದರೆ ಗುಳಿಗೆ ನಿಲ್ಲಿಸಬೇಡಿ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಬಿಟ್ಟಿ ಕೊಡುತ್ತಾರೆ. ಅಲ್ಲಿ ಇಎಸ್‌ಐ ಕಾರ್ಡು ಕೇಳುವುದಿಲ್ಲ. ಆದರೆ ಅಲ್ಲೂ ಗುಳಿಗೆ ಹೆಸರು ಬೇಕು. ಎರಡನೇ ಮಾತು ಮತ್ತೆ ಓದಿ.

ಐದು: ವಯಸ್ಸಾಗಿ ಕೆಲಸದಿಂದ ನಿವೃತ್ತರಾಗುವವರು ಇಎಸ್‌ಐ ಮುಗಿಯಿತು ಎಂದು ಕೈ ಕಟ್ಟಿ ಕೂರಬೇಡಿ. ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ವೈದ್ಯ ಸೌಲಭ್ಯ ಮುಂದುವರಿಯುತ್ತದೆ. ನಮ್ಮ ಗುಮಾಸ್ತರು ಈಗ ತಿಂಗಳಿಗೆ ಕೊಡುವುದು ಎಷ್ಟೋ, ಆಗ ವರ್ಷಕ್ಕೆ ಅಷ್ಟೇ.

ಅಂಗಡಿ ಮಾಲೀಕರಿಗೂ ಒಂದು ಮಾತು. ವಂತಿಗೆ ಕಟ್ಟಿದಲ್ಲಿಗೆ ನಿಮ್ಮ ಕೆಲಸ ಮುಗಿಯಲಿಲ್ಲ. ವರ್ಷಕ್ಕೊಮ್ಮೆ ದೀಪಾವಳಿ ಲಕ್ಷ್ಮೀಪೂಜೆಗೆ ಹೊಸ ಲೆಕ್ಕದ ಪುಸ್ತಕ ತೆಗೆಯುತ್ತೀರಿ. ಅದೇ ದಿನ ಕೆಲಸದವರನ್ನು ಕರೆದು "ಮನೆ ಎಲ್ಲಿದೆಯಪ್ಪಾ ಈಗ? ಮನೇಲಿ ಯಾರ್ಯಾರಿದಾರೆ?" ಎಂದು ಕೇಳಿ ಬರೆದುಕೊಳ್ಳಿ. ಒಬ್ಬರಿಗೆ ಐದು ನಿಮಿಷ ಸಾಕು. 520 ರೂಪಾಯಿ ಕೊಡುವವರು ಐದು ನಿಮಿಷಕ್ಕೆ ಜುಗ್ಗತನ ಮಾಡಿದರೆ ಆ 520 ನೀರಿನಲ್ಲಿ ಹಾಕಿದಂತೆ.

ಹೊಸ ಡಾಕ್ಟರು

ಈಗ ಆ ಮನೆಯವರ ಹೆಸರು ಹರಿಹರಕ್ಕೆ ಬಂದಿದೆ. ಆಸ್ಪತ್ರೆಯಿಂದ ಮನೆಗೆ ಬಂದ ನಾಲ್ಕನೇ ದಿನ ಸಾಹುಕಾರರೇ ಆಡಿಟರ್ ಆಫೀಸಿಗೆ ಹೋಗಿ, ಹುಡುಗನ ಪಕ್ಕದಲ್ಲಿ ನಿಂತು ಎರಡನೇ ಖಾನೆ ತಿದ್ದಿಸಿದರು. ಕೆಲಸ ಮುಗಿಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಅದೇ ದಿನ ಅಂಗಡಿಯ ಉಳಿದ ಕೆಲಸದವರದ್ದೂ ನೋಡಿಸಿದರೆ ಇನ್ನಿಬ್ಬರ ಕುಟುಂಬದ ಖಾನೆಯಲ್ಲಿ ಹಳೇ ಊರೇ ಇತ್ತು. ಅವರಲ್ಲಿ ಒಬ್ಬನ ಹೆಂಡತಿ ಏಳು ತಿಂಗಳ ಬಸುರಿ.

ಹರಿಹರದ ಹೊಸ ಡಾಕ್ಟರು ಚಿಕ್ಕ ವಯಸ್ಸಿನವರು. ಮಾತು ಕಡಿಮೆ. ಮೊದಲ ದಿನ ಅವರು ಉಪ್ಪಿನಕಾಯಿ ವಿಚಾರ ಕೇಳಲಿಲ್ಲ ಎಂದು ಆ ತಾಯಿಗೆ ಬೇಜಾರು. ಆದರೆ ಅವರು ಒಂದು ಗಟ್ಟಿ ಕಾರ್ಡು ತೆಗೆದು, ಗುಳಿಗೆಗಳ ಹೆಸರನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಬಾಯಿಬಿಟ್ಟು ಎರಡು ಸಲ ಓದಿಸಿದರು. "ನಾಳೆ ನನಗೂ ವರ್ಗ ಆಗಬಹುದಮ್ಮಾ. ಈ ಕಾರ್ಡು ನಿಮ್ಮ ಹತ್ರ ಇರ್ಲಿ" ಎಂದರಂತೆ.

ಈಗ ಆಕೆ ಹೆಸರು ಬಾಯಿಪಾಠ ಹೇಳುತ್ತಾರೆ. ಬಿಳೀದು, ಹಳದೀದು ಎನ್ನುವುದಿಲ್ಲ. ಬೆಳಿಗ್ಗೆ ಸಂಜೆ ರಬ್ಬರ್ ಚೆಂಡು ಹಿಸುಕುತ್ತಾ ಕೂರುತ್ತಾರೆ. ಮೊನ್ನೆ ಒಂದು ಸೀರೆಗೆ ಅರ್ಧ ಫಾಲ್ಸ್ ಹೊಲಿದರಂತೆ. ಹೊಲಿಗೆ ಸೊಟ್ಟಗಿತ್ತು, ಬಿಚ್ಚಿ ಮತ್ತೆ ಹಾಕುತ್ತಿದ್ದಾರೆ.

ಗುಮಾಸ್ತರು ಮಾತ್ರ ಬಸ್ಸಿನಲ್ಲಿ ಪಕ್ಕ ಕೂತವರನ್ನೆಲ್ಲ ಕೇಳುವ ಹೊಸ ಚಾಳಿ ಹಚ್ಚಿಕೊಂಡಿದ್ದಾರೆ: "ಇಎಸ್‌ಐ ಐತೇನ್ರಿ ನಿಮ್ಗೆ? ಮನೆಯವರ ಹೆಸರು ಎಲ್ಲೈತೆ, ನೋಡಿದೀರೇನು?" ಬಹಳ ಮಂದಿ ನೋಡಿಲ್ಲ ಎನ್ನುತ್ತಾರೆ.

ದವಾಖಾನೆಯ ಗೋಡೆಗೆ ಕುಟುಂಬದ ಖಾನೆಯನ್ನೂ ನೋಡಿಕೊಳ್ಳಿ ಎಂದು ಕನ್ನಡದಲ್ಲಿ ಒಂದು ಬೋರ್ಡು ಬರೆಸಿ ಹಾಕಲು ಎಷ್ಟು ಖರ್ಚಾದೀತು? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?